ಎಲೆಗೆ ಅಡ್ಡ ಬಂದ ಕೈ: ತೊನ್ನು ಮತ್ತು ದೇಹಭಾಷೆಯ ಒಂದು ಪ್ರಕರಣ ಅಧ್ಯಯನ

ಉಡುಪಿ ಕಡೆಯ ಮದುವೆ, ಉಪನಯನ, ಗೃಹಪ್ರವೇಶಗಳಲ್ಲಿ ಬಾಳೆಲೆಯ ಮುಂದೆ ಕುಳಿತವರು ಬಡಿಸುವವರ ಮುಖವನ್ನು ನೋಡುವುದು ಅಪರೂಪ. ಅವರ ಕಣ್ಣಿಗೆ ಬೀಳುವುದು ಒಂದು ಬಕೆಟ್, ಒಂದು ಸೌಟು ಮತ್ತು ಆ ಸೌಟನ್ನು ಹಿಡಿದ ಕೈ. ಬೇರೆ ವೃತ್ತಿಗಳಲ್ಲಿ ಮುಖಕ್ಕೆ ಇರುವ ಸ್ಥಾನ ಬಡಿಸುವ ವೃತ್ತಿಯಲ್ಲಿ ಬಲಗೈಗೆ ಇದೆ. ಆದ್ದರಿಂದ ಬಡಿಸುವವರೊಬ್ಬರ ಬಲಗೈ ಬೆರಳುಗಳ ತುದಿ ಬೆಳ್ಳಗಾಗತೊಡಗಿದಾಗ ಏನಾಯಿತು, ಅದರಿಂದ ಅವರ ನಡಿಗೆ, ನಿಲುವು, ಮಾತು ಹೇಗೆ ಬದಲಾದವು, ಆ ಬದಲಾವಣೆಯನ್ನು ಸುತ್ತಲಿನವರು ಏನೆಂದು ಓದಿಕೊಂಡರು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ದಾಖಲಿಸುತ್ತಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಅವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಇವರು ಆಪ್ತಸಮಾಲೋಚಕಿಯಾದ ನನ್ನಲ್ಲಿಗೆ ಬಂದದ್ದು 2023ರ ಜುಲೈ ಕೊನೆಯ ವಾರದಲ್ಲಿ. ಆಟಿ ತಿಂಗಳಲ್ಲಿ ನಮ್ಮ ಕಡೆ ಶುಭಕಾರ್ಯಗಳು ನಡೆಯುವುದಿಲ್ಲವಾದ್ದರಿಂದ ಅಡುಗೆಯವರಿಗೂ ಬಡಿಸುವವರಿಗೂ ಅದು ಬಿಡುವಿನ ಕಾಲ. ಆಗ ಇವರಿಗೆ 29 ವರ್ಷ. ಉಡುಪಿಯ ಆಸುಪಾಸಿನಲ್ಲಿ ಸಮಾರಂಭಗಳ ಅಡುಗೆಯನ್ನು ಗುತ್ತಿಗೆಗೆ ವಹಿಸಿಕೊಳ್ಳುವ ಒಂದು ತಂಡದಲ್ಲಿ ಹತ್ತು ವರ್ಷಗಳಿಂದ ಸುಧರಿಕೆಯ, ಅಂದರೆ ಬಡಿಸುವ, ಕೆಲಸ ಮಾಡಿಕೊಂಡಿದ್ದವರು. ಪಿಯುಸಿ ಮುಗಿಸಿದ್ದಾರೆ, ಮದುವೆಯಾಗಿಲ್ಲ, ಮನೆಯಲ್ಲಿ ತಾಯಿ ಮತ್ತು ಒಬ್ಬ ತಂಗಿ ಇದ್ದಾರೆ. ನನ್ನಲ್ಲಿಗೆ ಕಳುಹಿಸಿದ ಚರ್ಮರೋಗ ತಜ್ಞರ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: ಚಿಕಿತ್ಸೆಗೆ ಕ್ರಮವಾಗಿ ಬರುತ್ತಾರೆ, ಆದರೆ ಮೂರು ತಿಂಗಳಲ್ಲಿ ಒಮ್ಮೆಯೂ ಕೈಯನ್ನು ತಾವಾಗಿ ತೋರಿಸಿಲ್ಲ.

ಮೊದಲ ಭೇಟಿಯಲ್ಲಿ ಅವರ ಬಾಯಿಗಿಂತ ಹೆಚ್ಚು ಮಾತಾಡಿದ್ದು ಅವರು ಕುಳಿತ ರೀತಿ. ಕುರ್ಚಿಯ ಅಂಚಿನಲ್ಲಿ ಕುಳಿತು, ಬಲಗೈಯನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ ಮಡಿಲಿನಲ್ಲಿಟ್ಟು, ಅದರ ಮೇಲೆ ಎಡಗೈಯನ್ನು ಹೇರಿಕೊಂಡಿದ್ದರು. ತುಟಿಗಳನ್ನು ಒಳಗೆಳೆದುಕೊಂಡು ಮಾತಾಡುತ್ತಿದ್ದುದರಿಂದ ಅವರ ಮಾತಿನ ಅರ್ಧ ನನಗೆ ಕೇಳಿಸುತ್ತಿರಲಿಲ್ಲ. ಕುಡಿಯಲು ನೀರು ಕೊಟ್ಟಾಗ ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡರು. ಮರುಕ್ಷಣವೇ ಅದು ಮರ್ಯಾದೆಯಲ್ಲವೆಂದು ಅವರಿಗೇ ಹೊಳೆದು, ಮುಖ ಕೆಂಪಾಗಿ, ಕುಡಿಯದೆಯೇ ಲೋಟವನ್ನು ಮೇಜಿನ ಮೇಲಿಟ್ಟರು. ಈ ಪ್ರಕರಣದ ಮುಖ್ಯ ಗಂಟು ಆ ಒಂದು ಲೋಟದಲ್ಲಿ ಇತ್ತೆಂದು ನನಗೆ ಅರ್ಥವಾದದ್ದು ಎರಡು ತಿಂಗಳ ಬಳಿಕ. ಬಲಗೈಯನ್ನು ಅಡಗಿಸುವವರು ಎಡಗೈಯನ್ನು ಮುಂದೆ ಮಾಡಲೇಬೇಕಾಗುತ್ತದೆ, ಮತ್ತು ನಮ್ಮಲ್ಲಿ ಎಡಗೈ ಮುಂದೆ ಬಂದರೆ ಎದುರಿನವರು ಅದನ್ನು ನಾಚಿಕೆ ಎಂದು ಓದುವುದಿಲ್ಲ, ಉದ್ಧಟತನ ಎಂದು ಓದುತ್ತಾರೆ.

ಕಾಯಿಲೆಯ ವಿವರ

ರೋಗನಿರ್ಣಯದಲ್ಲಿ ಗೊಂದಲವಿರಲಿಲ್ಲ. ಬಲಗೈಯ ನಾಲ್ಕು ಬೆರಳುಗಳ ತುದಿ, ಎಡಗೈಯ ಎರಡು ಬೆರಳುಗಳ ತುದಿ, ಕೆಳತುಟಿ, ಬಾಯಿಯ ಎರಡೂ ಮೂಲೆಗಳು ಮತ್ತು ಗಲ್ಲದ ಒಂದು ಭಾಗ ಹಾಲಿನಂತೆ ಬೆಳ್ಳಗಾಗಿದ್ದವು. ಇದು ತೊನ್ನು, ವೈದ್ಯರು ವಿಟಿಲಿಗೊ ಎನ್ನುವ ಸ್ಥಿತಿ. ದೇಹದ ರೋಗನಿರೋಧಕ ಕಣಗಳೇ ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಜೀವಕೋಶಗಳನ್ನು ನಾಶಮಾಡುವುದರಿಂದ ಇದು ಬರುತ್ತದೆ. ಜಗತ್ತಿನ ಜನಸಂಖ್ಯೆಯ ಶೇ. 0.5ರಿಂದ 2ರಷ್ಟು ಮಂದಿಯಲ್ಲಿ ಇದು ಇದೆ ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅಂದಾಜು. ನೋವಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಪ್ರಾಣಕ್ಕೆ ಅಪಾಯವಿಲ್ಲ. ಥೈರಾಯ್ಡ್ ತೊಂದರೆ ಜೊತೆಗೂಡುವ ಸಾಧ್ಯತೆ ಇರುವುದರಿಂದ ಅದರ ಪರೀಕ್ಷೆಯನ್ನೂ ಮಾಡಿಸಿದ್ದರು, ಫಲಿತಾಂಶ ಸಹಜವಾಗಿತ್ತು. ವುಡ್ಸ್ ಲ್ಯಾಂಪಿನ ನೇರಳಾತೀತ ಬೆಳಕಿನಲ್ಲಿ ಕಲೆಗಳ ಅಂಚು ಸ್ಪಷ್ಟವಾಗಿ ಹೊಳೆದಿತ್ತು. ಕಲೆಗಳ ಮೇಲೆ ಹತ್ತಿಯ ಎಳೆ ತಾಗಿಸಿದಾಗ ಸ್ಪರ್ಶಜ್ಞಾನ ಪೂರ್ತಿ ಇತ್ತು.

ಈ ಹತ್ತಿಯ ಎಳೆಯ ವಿಷಯ ಸಣ್ಣದಲ್ಲ. ಕುಷ್ಠರೋಗದ ಕಲೆ ಸಾಮಾನ್ಯವಾಗಿ ಸುತ್ತಲಿನ ಚರ್ಮಕ್ಕಿಂತ ಮಾಸಲಾಗಿರುತ್ತದೆಯೇ ಹೊರತು ಹಾಲಿನಷ್ಟು ಬೆಳ್ಳಗಿರುವುದಿಲ್ಲ, ಮತ್ತು ಅಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ. ಆದರೂ ನಮ್ಮ ಭಾಷೆಯೇ ಎರಡನ್ನೂ ಬೆಸೆದಿಟ್ಟಿದೆ: ತೊನ್ನಿಗೆ ಹಳಬರು ಬಿಳಿಕುಷ್ಠ, ಶ್ವೇತಕುಷ್ಠ ಎನ್ನುತ್ತಾರೆ. ಈ ಜಿಲ್ಲೆಗಳ ಹಿರಿಯರ ಮನಸ್ಸಿನಲ್ಲಿ ಕುಷ್ಠದ ಭಯ ಆಳವಾಗಿ ಇಳಿದಿರುವುದಕ್ಕೆ ಚರಿತ್ರೆಯ ಕಾರಣವೂ ಇದೆ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದ ಜರ್ಮನ್ ಪಾದ್ರಿ ಫಾದರ್ ಅಗಸ್ಟಸ್ ಮುಲ್ಲರ್ ಅವರು 1890ರಲ್ಲಿ ಕುಷ್ಠರೋಗಿಗಳಿಗೆಂದೇ ಆಶ್ರಯವನ್ನು ಕಟ್ಟಬೇಕಾಯಿತು, ಏಕೆಂದರೆ ಅವರನ್ನು ಮನೆಯೊಳಗೆ ಇಟ್ಟುಕೊಳ್ಳುವವರು ಕಡಿಮೆಯಿದ್ದರು. ಆ ಕಾಲ ಕಳೆದರೂ ಹೆಸರು ಉಳಿದಿದೆ. ಈ ಯುವಕ ಮೊದಲ ನಾಲ್ಕು ಭೇಟಿಗಳಲ್ಲಿ ತಮ್ಮ ಕಾಯಿಲೆಯ ಹೆಸರನ್ನು ಒಮ್ಮೆಯೂ ಹೇಳಲಿಲ್ಲ. ‘ಇದು’ ಎನ್ನುತ್ತಿದ್ದರು, ಹೆಚ್ಚೆಂದರೆ ‘ಈ ಕಲೆ’ ಎನ್ನುತ್ತಿದ್ದರು.

ಚಿಕಿತ್ಸೆಯೆಂದರೆ ವಾರಕ್ಕೆ ಎರಡು ಬಾರಿ 311 ನ್ಯಾನೊಮೀಟರ್ ತರಂಗಾಂತರದ ನೇರಳಾತೀತ ಬೆಳಕು ಮತ್ತು ಹಚ್ಚಲು ಟ್ಯಾಕ್ರೊಲಿಮಸ್ ಮುಲಾಮು. ಅಮೆರಿಕದಲ್ಲಿ 2022ರ ಜುಲೈಯಲ್ಲಿ ತೊನ್ನಿಗೆ ಅನುಮತಿ ಪಡೆದ ರುಕ್ಸೊಲಿಟಿನಿಬ್ ಲೇಪದ ಬಗ್ಗೆ ಇವರು ಮೊಬೈಲಿನಲ್ಲಿ ಓದಿಕೊಂಡು ಬಂದಿದ್ದರು. ಕೈಗೆ ಸಿಗುವುದರಿಂದ ಮೊದಲು ಆರಂಭಿಸೋಣ ಎಂದು ತಜ್ಞರು ಹೇಳಿದ್ದರು. ಇಲ್ಲಿ ಒಂದು ಕಹಿ ಸಂಗತಿಯಿದೆ. ಬೆಳಕಿನ ಚಿಕಿತ್ಸೆಯಲ್ಲಿ ಬಣ್ಣ ಮರಳುವುದು ಮುಖ್ಯವಾಗಿ ಕೂದಲಿನ ಬುಡದಲ್ಲಿ ಉಳಿದಿರುವ ಬಣ್ಣದ ಜೀವಕೋಶಗಳಿಂದ. ಬೆರಳ ತುದಿಯಲ್ಲೂ ತುಟಿಯಲ್ಲೂ ಕೂದಲಿಲ್ಲ. ಹೀಗಾಗಿ ಗಲ್ಲದ ಕಲೆ ಮಾಸುವ ನಿರೀಕ್ಷೆ ಇಟ್ಟುಕೊಳ್ಳಬಹುದಿತ್ತು. ಇವರ ವೃತ್ತಿಗೆ ಬೇಕಾದ ಬೆರಳುಗಳ ವಿಷಯದಲ್ಲಿ ಹಾಗೆ ಹೇಳುವಂತಿರಲಿಲ್ಲ.

ಚರ್ಮದ ಕಾಯಿಲೆ ಬದುಕನ್ನು ಎಷ್ಟು ಕಾಡುತ್ತಿದೆ ಎಂದು ಅಳೆಯಲು 1994ರಲ್ಲಿ ಕಾರ್ಡಿಫ್‌ನಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳ ಡಿಎಲ್‌ಕ್ಯುಐ ಸೂಚ್ಯಂಕವಿದೆ. ಅದರಲ್ಲಿ 0ಯಿಂದ 30ರವರೆಗೆ ಅಂಕಗಳು, 10 ದಾಟಿದರೆ ಪರಿಣಾಮ ತೀವ್ರವೆಂದು ಅರ್ಥ. ಇವರಿಗೆ 17 ಬಂದಿತ್ತು. ನಿದ್ದೆ ಕಡಿಮೆಯಾಗಿತ್ತು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲ, ಆದರೆ ಊರು ಬಿಟ್ಟು ಹೋಗುವ ಯೋಚನೆ ದಿನಾ ಬರುತ್ತದೆ ಎಂದರು.

ಪಂಕ್ತಿಯಿಂದ ಅಡುಗೆಮನೆಗೆ

ಮೊದಲ ಕಲೆ ಬಲ ತೋರುಬೆರಳಿನ ಉಗುರಿನ ಬುಡದಲ್ಲಿ ಕಾಣಿಸಿಕೊಂಡದ್ದು 2019ರ ಡಿಸೆಂಬರಿನಲ್ಲಿ. ಸುಣ್ಣ ತಾಗಿರಬೇಕೆಂದುಕೊಂಡರು. ಕೆಲವೇ ತಿಂಗಳಲ್ಲಿ ಕೊರೋನಾ ಬಂತು, ಅದರೊಂದಿಗೆ ಮಾಸ್ಕೂ ಕೈಗವಸೂ ಬಂದವು. ‘ಆ ಎರಡು ವರ್ಷ ನನಗೆ ಎಂತ ತೊಂದರೆಯೂ ಇರಲಿಲ್ಲ ಮೇಡಂ. ಎಲ್ಲರೂ ನನ್ನ ಹಾಗೆಯೇ ಇದ್ದರು’ ಎಂದು ಇವರು ಹೇಳಿದ ಮಾತು ನನ್ನ ಟಿಪ್ಪಣಿಯಲ್ಲಿದೆ. ಊರಿಗೆ ಊರೇ ಉಸಿರುಗಟ್ಟಿಕೊಂಡಿದ್ದ ಕಾಲದಲ್ಲಿ ಒಬ್ಬ ಮನುಷ್ಯ ನಿರಾಳವಾಗಿದ್ದ ಎಂಬುದನ್ನು ಕೇಳಿ ನನಗೆ ಕೂಡಲೇ ಏನು ಹೇಳಬೇಕೆಂದು ತೋಚಲಿಲ್ಲ. ಮುಚ್ಚಿದ ಕೈಯೊಳಗೆ ಕಲೆಗಳು ತಮ್ಮ ಪಾಡಿಗೆ ಹರಡಿದವು. 2022ರಲ್ಲಿ ಉಳಿದವರೆಲ್ಲ ಮಾಸ್ಕು ತೆಗೆದಾಗ ತಂಡದವರು ಇವರ ತುಟಿಯನ್ನು ಹೊಸದಾಗಿ ನೋಡಿದರು. ಬಡಿಸದ ಹೊತ್ತಿನಲ್ಲಿ ಇವರು ಕೈಗವಸನ್ನು ಬಿಡಲಿಲ್ಲ, ದಪ್ಪ ರಬ್ಬರಿನ ಕೈಗವಸಿಗೆ ಬದಲಾಯಿಸಿಕೊಂಡರು. ಇದನ್ನು ಕೇಳಿದ ಚರ್ಮತಜ್ಞರು ಮೊದಲು ಬಿಡಿಸಿದ್ದೇ ಅದನ್ನು. ರಬ್ಬರಿಗೆ ಸೇರಿಸುವ ಕೆಲವು ರಾಸಾಯನಿಕಗಳು ಬಣ್ಣದ ಜೀವಕೋಶಗಳನ್ನು ಕೊಲ್ಲಬಲ್ಲವು ಎಂಬುದು 1939ರಲ್ಲಿ ಅಮೆರಿಕದ ಚರ್ಮ ಹದಮಾಡುವ ಕಾರ್ಖಾನೆಯ ಕೆಲಸಗಾರರ ಕೈಗವಸುಗಳಿಂದಲೇ ತಿಳಿದುಬಂದ ಸಂಗತಿ. ನಮ್ಮಲ್ಲಿ ಹಣೆಗೆ ಅಂಟಿಸುವ ಸ್ಟಿಕ್ಕರ್ ಬಿಂದಿಯ ಅಂಟಿನಿಂದ ಹಣೆ ಬೆಳ್ಳಗಾದ ಹೆಂಗಸರೂ ಇದ್ದಾರೆ. ಇವರ ತೊನ್ನಿಗೆ ಕೈಗವಸೇ ಕಾರಣವೆಂದು ಹೇಳುವಂತಿರಲಿಲ್ಲ, ಆದರೆ ಅಡಗಿಸಲು ಹಾಕಿಕೊಂಡದ್ದರಿಂದ ಉಪಕಾರವಂತೂ ಆಗಲಿಲ್ಲ.

2022ರ ಡಿಸೆಂಬರಿನ ಒಂದು ಮದುವೆಯಲ್ಲಿ, ಸಾರಿನ ಸುತ್ತಿನ ಹೊತ್ತಿಗೆ, ವಯಸ್ಸಾದ ಒಬ್ಬರು ಇವರ ಕೈ ನೋಡಿ ಎಲೆಯನ್ನು ತಮ್ಮತ್ತ ಎಳೆದುಕೊಂಡು, ಆಚೆ ನಿಂತಿದ್ದ ಇನ್ನೊಬ್ಬರಿಗೆ ‘ನೀವು ಬನ್ನಿ’ ಎಂದು ಕೈಸನ್ನೆ ಮಾಡಿದರು. ಬೈಯಲಿಲ್ಲ, ದನಿ ಎತ್ತಲಿಲ್ಲ. ಎಲೆ ನಾಲ್ಕು ಬೆರಳಿನಷ್ಟು ಸರಿಯಿತು, ಅಷ್ಟೇ. ಮರುದಿನ ತಂಡದ ಯಜಮಾನರು ‘ಸ್ವಲ್ಪ ದಿನ ಒಳಗೆ ಇರು, ಗುಣವಾದ ಮೇಲೆ ನೋಡುವ’ ಎಂದರು. ಇವರಿಗೆ ಅವರು ದೂರದ ಸಂಬಂಧದಲ್ಲಿ ಮಾವನಾಗಬೇಕು, ಹಾಗಾಗಿ ಎದುರು ಮಾತಿರಲಿಲ್ಲ. ಅಲ್ಲಿಂದ ಇವರ ಕೆಲಸ ತರಕಾರಿ ಕೊರೆಯುವುದು, ಕಾಯಿ ತುರಿಯುವುದು, ಕೊಪ್ಪರಿಗೆ ಇಳಿಸುವುದು ಎಂದಾಯಿತು.

ಈ ಏರ್ಪಾಡಿನಲ್ಲಿ ಯಾರಿಗೂ ತಿಳಿಯದೆ ಇದ್ದ ಅಪಾಯವೊಂದಿತ್ತು. ತೊನ್ನು ಚುರುಕಾಗಿರುವಾಗ ಚರ್ಮಕ್ಕೆ ಗಾಯವೋ ಸುಟ್ಟಗಾಯವೋ ಉಜ್ಜುವಿಕೆಯೋ ಆದರೆ ಅದೇ ಜಾಗದಲ್ಲಿ ಹೊಸ ಕಲೆ ಹುಟ್ಟಬಹುದು. 19ನೆಯ ಶತಮಾನದ ಜರ್ಮನ್ ಚರ್ಮವೈದ್ಯ ಹೈನ್ರಿಕ್ ಕೋಬ್ನರ್ ಸೋರಿಯಾಸಿಸ್ ಎಂಬ ಚರ್ಮರೋಗದಲ್ಲಿ ಗುರುತಿಸಿದ ಈ ಲಕ್ಷಣ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಪಂಕ್ತಿಯಲ್ಲಿ ಬಡಿಸುವವರ ಕೈಗೆ ದಿನಕ್ಕೊಂದು ಗಾಯವಾಗುವುದಿಲ್ಲ. ಅಡುಗೆಮನೆಯಲ್ಲಿ ಮೆಟ್ಟುಕತ್ತಿ, ಕಾಯಿ ತುರಿಯುವ ಹಲ್ಲು, ಕುದಿಯುವ ಗಂಜಿಯ ಆವಿ ಎಲ್ಲವೂ ಬೆರಳಿಗೇ ಬರುತ್ತವೆ. ಒಳಗೆ ಹೋದ ಆರು ತಿಂಗಳಲ್ಲಿ ಬಲಗೈಯಲ್ಲಿ ಎರಡು ಬೆರಳಿನ ಕಲೆ ನಾಲ್ಕಾಯಿತು. ಜನರ ಕಣ್ಣಿನಿಂದ ಮರೆಮಾಡಲು ಕಳುಹಿಸಿದ ಜಾಗವೇ ಕಲೆಯನ್ನು ಬೆಳೆಸಿತೆಂದು ಖಚಿತವಾಗಿ ಸಾಧಿಸುವುದು ಕಷ್ಟ, ಆದರೆ ಹೊಸ ಕಲೆಗಳಲ್ಲಿ ಒಂದು ಹಳೆಯ ಕತ್ತಿಗಾಯದ ಗೆರೆಯಲ್ಲಿಯೇ ಉದ್ದಕ್ಕೆ ಮೂಡಿತ್ತು.

ಮನೆಯಲ್ಲಿ ಬೇರೆಯೇ ಲೆಕ್ಕಾಚಾರ ನಡೆದಿತ್ತು. ಚರ್ಮದ ಕಾಯಿಲೆಯೆಂದರೆ ತುಳುನಾಡಿನಲ್ಲಿ ಮೊದಲು ನೆನಪಾಗುವುದು ನಾಗ. ಕುಟುಂಬದವರು ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿದರು, ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ ನಾಗನಿಗೆ ಸಲ್ಲಿಸುವ ಆಶ್ಲೇಷಾ ಬಲಿ ಸೇವೆ ಮಾಡಿಸಿ ಬಂದರು. ಇದನ್ನು ನಾನು ಹಗುರವಾಗಿ ನೋಡುವುದಿಲ್ಲ. ಆ ಒಂದು ವಾರ ತಾಯಿ ನಿದ್ದೆ ಮಾಡಿದರು, ಮಗನಿಗೂ ಸಮಾಧಾನವಿತ್ತು. ಕೆಡುಕಾದದ್ದು ಸೇವೆಯಿಂದಲ್ಲ, ನಾಗಬನದ ಮರ ಕಡಿದವರು ಯಾರು ಎಂದು ಅದರ ಹಿಂದೆಯೇ ಎದ್ದ ಜಗಳದಿಂದ. ಇನ್ನು ತಂಡದವರ ವಿವರಣೆ ಇನ್ನೂ ವಿಚಿತ್ರ. ಮೀನು ತಿಂದು ಮೇಲೆ ಹಾಲು ಕುಡಿದರೆ ತೊನ್ನು ಬರುತ್ತದೆ ಎಂಬ ನಂಬಿಕೆ ಕರಾವಳಿಯಲ್ಲಿ ಬಲವಾಗಿದೆ. ಅದಕ್ಕೆ ವೈದ್ಯಕೀಯ ಆಧಾರವಿಲ್ಲ. ಇವರದ್ದು ಮೀನು ಹೊಗದ ಮನೆ. ಆದ್ದರಿಂದ ‘ಕದ್ದು ತಿಂದಿರಬೇಕು’ ಎಂಬ ತಮಾಷೆ ಹುಟ್ಟಿಕೊಂಡಿತು. ತಮಾಷೆ ಮಾಡುತ್ತಿದ್ದವರಿಗೆ ಅದು ತಮಾಷೆಯೇ ಆಗಿತ್ತು. ಇವರು ಮಾತ್ರ ತಂಡದ ಜೊತೆ ಚಹಾಕ್ಕೆ ಹೋಗುವುದನ್ನೇ ನಿಲ್ಲಿಸಿದರು. ಚಹಾಕ್ಕೆ ಬಾರದವರ ಬಗ್ಗೆ ತಂಡ ಬೇರೊಂದು ತೀರ್ಮಾನಕ್ಕೆ ಬಂತು: ‘ಅವನಿಗೆ ಈಗ ಸ್ವಲ್ಪ ಅಹಂಕಾರ ಉಂಟು.’ ನಾನು ಬಳಿಕ ಯಜಮಾನರೊಂದಿಗೆ ಮಾತಾಡಿದಾಗ ಅವರೂ ಮೊದಲು ಹೇಳಿದ್ದು ಇದೇ. ಕಲೆಯ ವಿಷಯ ಎರಡನೆಯದಾಗಿ ಬಂತು. ಮುಖ ಕೊಟ್ಟು ಮಾತಾಡುವುದಿಲ್ಲ, ಕೊಟ್ಟದ್ದನ್ನು ಎಡಗೈಯಲ್ಲಿ ಇಸಿದುಕೊಳ್ಳುತ್ತಾನೆ, ಕರೆದರೆ ಓಗೊಡುವುದಿಲ್ಲ ಎಂಬುದು ಅವರ ದೂರು.

ನಾನು ಮಾಡಿದ ತಪ್ಪು

ದೇಹಭಾಷೆಯ ಬಗ್ಗೆ ಆಪ್ತಸಮಾಲೋಚಕರಿಗೆ ಕಲಿಸುವ ಪಾಠಗಳು ಹೆಚ್ಚಾಗಿ ಕಚೇರಿಯ ಸಂದರ್ಶನಕ್ಕೆ ತಯಾರಾಗುವವರನ್ನು ಮನಸ್ಸಿನಲ್ಲಿಟ್ಟುಕೊಂಡವು. ಬೆನ್ನು ನೇರವಿರಲಿ, ಹೆಗಲು ಹಿಂದಿರಲಿ, ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ ಎಂಬ ಸಲಹೆಗಳನ್ನು ಮೂರನೆಯ ಭೇಟಿಯಲ್ಲಿ ನಾನೂ ಇವರ ಮುಂದಿಟ್ಟೆ. ಇವರು ಗೌರವದಿಂದ ಕೇಳಿ, ಕೊನೆಗೆ ‘ಬಡಿಸುವಾಗ ಬೆನ್ನು ನೆಟ್ಟಗೆ ಇದ್ದರೆ ಸಾರು ಎಲೆಗೆ ಬೀಳುದಿಲ್ಲ ಮೇಡಂ, ಊಟದವರ ಮಡಿಲಿಗೆ ಬೀಳ್ತದೆ’ ಎಂದರು. ಅದು ಇವರು ನನ್ನ ಮುಂದೆ ಆಡಿದ ಮೊದಲ ಪೂರ್ಣ ವಾಕ್ಯವೂ ಆಗಿತ್ತು. ಮಾತು ಸರಿಯಾಗಿತ್ತು. ಬಡಿಸುವವರು ಬಾಗಲೇಬೇಕು, ಕಣ್ಣು ಎಲೆಯ ಮೇಲಿರಬೇಕು. ಊಟಕ್ಕೆ ಕುಳಿತವರ ಕಣ್ಣನ್ನು ದಿಟ್ಟಿಸುವ ಬಡಿಸುವವರು ಆತ್ಮವಿಶ್ವಾಸಿಗಳಾಗಿ ಕಾಣುವುದಿಲ್ಲ, ಎಷ್ಟು ತಿನ್ನುತ್ತಾರೆಂದು ಲೆಕ್ಕ ಹಾಕುವವರಾಗಿ ಕಾಣುತ್ತಾರೆ. ಇವರ ಕಸುಬಿನಲ್ಲಿ ಆತ್ಮವಿಶ್ವಾಸ ಎಲ್ಲಿ ಕಾಣುತ್ತದೆ ಎಂದು ಆ ಮೇಲೆ ಇವರಿಂದಲೇ ಕೇಳಿ ತಿಳಿದೆ.

ಮುಂದಿನ ಭೇಟಿಗೆ ಒಂದು ಸ್ಟೀಲ್ ಬಕೆಟ್, ಸೌಟು ಮತ್ತು ಎರಡು ಬಾಳೆಲೆ ತರಿಸಿದೆ. ಬಕೆಟ್ಟಿಗೆ ನೀರು ತುಂಬಿಸಿ, ಮೊದಲು ಹೇಗೆ ಬಡಿಸುತ್ತಿದ್ದಿರಿ, ಕೊನೆಕೊನೆಗೆ ಹೇಗೆ ಬಡಿಸುತ್ತಿದ್ದಿರಿ ಎಂದು ತೋರಿಸಲು ಹೇಳಿದೆ. ವ್ಯತ್ಯಾಸ ಕಣ್ಣಿಗೆ ಕಟ್ಟುವಂತಿತ್ತು. ಮೊದಲಿನ ರೀತಿಯಲ್ಲಿ ಸೌಟಿನ ಹಿಡಿಯ ತುದಿಯನ್ನು ಹಿಡಿದು, ಎಲೆಗೆ ಸರಿಯಾಗಿ ಎದುರು ನಿಂತು, ಒಂದು ಎಲೆಗೆ ಬರುವ ಮೊದಲೇ ‘ಸಾರು, ಸಾರು’ ಎಂದು ಕೂಗುತ್ತ ಬರುತ್ತಿದ್ದರು. ಆ ಕೂಗು ಕೇಳಿ ಊಟದವರು ಅನ್ನವನ್ನು ಗುಂಡಿಮಾಡಿ ಕಾಯುತ್ತಾರೆ. ಕಲೆ ಬಂದ ಮೇಲೆ ಗೆಣ್ಣುಗಳು ತಮ್ಮ ಕಡೆಗೇ ತಿರುಗುವಂತೆ ಮಣಿಕಟ್ಟನ್ನು ಮಡಿಸಿ ಹಿಡಿಯತೊಡಗಿದ್ದರು. ಹಾಗೆ ಹಿಡಿದರೆ ಸೌಟು ಓರೆಯಾಗುತ್ತದೆ. ಎಲೆಗೆ ಎದುರಾಗಿ ನಿಲ್ಲುವ ಬದಲು ಪಕ್ಕದಿಂದ ಬಂದು, ಮುಂದಿನ ಎಲೆಗೆ ಹೆಜ್ಜೆಯಿಟ್ಟುಕೊಂಡೇ ಸುರಿಯುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ತುಟಿ ಕಾಣಬಾರದೆಂದು ಕೂಗುವುದನ್ನೇ ಬಿಟ್ಟಿದ್ದರು. ಮುನ್ಸೂಚನೆಯಿಲ್ಲದೆ ಬಂದ ಸೌಟಿನಿಂದ ಸಾರು ಚೆಲ್ಲುತ್ತಿತ್ತು, ಊಟದವರು ಬೆಚ್ಚಿ ತಲೆಯೆತ್ತುತ್ತಿದ್ದರು, ತಲೆಯೆತ್ತಿದಾಗ ಬೆರಳು ಕಾಣುತ್ತಿತ್ತು. ಯಾರೂ ನೋಡಬಾರದೆಂದು ಮಾಡಿದ ಪ್ರತಿಯೊಂದು ಚಲನೆಯೂ ನೋಟವನ್ನು ಕರೆದು ತರುತ್ತಿತ್ತು.

ಎಣಿಕೆ

ಇವರನ್ನು ಹೆಚ್ಚು ಕಾಡುತ್ತಿದ್ದುದು ಸಾರಲ್ಲ, ಎಲೆಗೆ ಅಡ್ಡ ಬರುವ ಅಂಗೈ. ಸಾಕು ಎನ್ನುವುದಕ್ಕೆ ನಮ್ಮವರು ಬಾಯಿ ಬಳಸುವುದಿಲ್ಲ, ಎಲೆಯ ಮೇಲೆ ಕೈ ಚಾಚುತ್ತಾರೆ. ಡಿಸೆಂಬರಿನ ಆ ಘಟನೆಯ ಬಳಿಕ ಇವರಿಗೆ ‘ಸಾಕು’ ಎನ್ನುವ ಕೈಗೂ ‘ನಿನ್ನ ಕೈಯಿಂದ ಬೇಡ’ ಎನ್ನುವ ಕೈಗೂ ವ್ಯತ್ಯಾಸ ತಿಳಿಯದಾಯಿತು. ಒಂದು ಪಂಕ್ತಿಯಲ್ಲಿ ಹತ್ತು ಕೈ ಅಡ್ಡ ಬಂದರೆ ಹತ್ತೂ ತಮ್ಮ ಕಲೆಗೆ ಬಂದದ್ದೆಂದೇ ಲೆಕ್ಕ.

1980ರಲ್ಲಿ ಪ್ರಕಟವಾದ ರಾಬರ್ಟ್ ಕ್ಲೆಕ್ ಮತ್ತು ಏಂಜೆಲೊ ಸ್ಟ್ರೆಂಟಾ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರ ಪ್ರಯೋಗವೊಂದು ಇಲ್ಲಿ ನನಗೆ ದಾರಿ ತೋರಿಸಿತು. ಭಾಗವಹಿಸಿದವರ ಮುಖದ ಮೇಲೆ ಬಣ್ಣದಿಂದ ಗಾಯದ ಗುರುತೊಂದನ್ನು ಬರೆದು, ಕನ್ನಡಿಯಲ್ಲಿ ತೋರಿಸಿ, ಆಮೇಲೆ ಅದು ಒಡೆಯದಂತೆ ಏನೋ ಹಚ್ಚುತ್ತೇವೆಂದು ಹೇಳಿ ಅವರಿಗೆ ತಿಳಿಯದಂತೆ ಅದನ್ನು ಒರೆಸಿಬಿಟ್ಟಿದ್ದರು. ಗುರುತೇ ಇಲ್ಲದ ಮುಖ ಹೊತ್ತು ಅಪರಿಚಿತರೊಂದಿಗೆ ಮಾತಾಡಿ ಬಂದವರು, ಎದುರಿನವರು ತಮ್ಮ ಗಾಯದಿಂದಾಗಿ ಬಿಗಿಯಾಗಿ ನಡೆದುಕೊಂಡರು, ನೋಟ ತಪ್ಪಿಸಿದರು ಎಂದು ವರದಿ ಮಾಡಿದರು. ಇದನ್ನು ಇವರಿಗೆ ಕಥೆಯಂತೆ ಹೇಳಿದಾಗ ಇವರು ಕೇಳಿದ ಪ್ರಶ್ನೆ ತೀಕ್ಷ್ಣವಾಗಿತ್ತು: ‘ಅವರದ್ದು ಒರೆಸಿದ್ದು. ನನ್ನದು ಉಂಟಲ್ವಾ? ಆ ಅಜ್ಜ ಎಲೆ ಎಳೆದದ್ದು ನಿಜ ಅಲ್ವಾ?’ ನಿಜವೇ ಆಗಿತ್ತು. ಎಲ್ಲವೂ ನಿಮ್ಮ ಮನಸ್ಸಿನ ಭ್ರಮೆ ಎಂದು ಚರ್ಮದ ಕಾಯಿಲೆಯವರಿಗೆ ಹೇಳುವುದು ಸುಳ್ಳು, ಅವರಿಗೆ ಅದು ಸುಳ್ಳೆಂದು ಗೊತ್ತೂ ಇರುತ್ತದೆ. ಇವರಿಗೆ ಬೇಕಾಗಿದ್ದುದು ಎಷ್ಟು ಪಾಲು ನಿಜ ಎಂಬ ಲೆಕ್ಕ.

ಆ ಲೆಕ್ಕ ಸಿಕ್ಕಿದ್ದು ಸೆಪ್ಟೆಂಬರಿನ ಚೌತಿಯ ಸಾರ್ವಜನಿಕ ಊಟದಲ್ಲಿ. ಅದಕ್ಕೆ ಮೊದಲು ಯಜಮಾನರನ್ನು ಒಪ್ಪಿಸಬೇಕಿತ್ತು. ಅವರು ಕೆಟ್ಟವರಲ್ಲ. ಅಡುಗೆಗೆ ಹೇಳುವ ಮನೆಯವರು ಬೇಸರಿಸಿದರೆ ಮುಂದಿನ ವರ್ಷ ಬೇರೆಯವರನ್ನು ಕರೆಯುತ್ತಾರೆ ಎಂಬುದು ಅವರ ನಿಜವಾದ ಭಯ. ಚರ್ಮತಜ್ಞರು ಅಂಟುವುದಿಲ್ಲವೆಂದು ಬರೆದುಕೊಟ್ಟ ಚೀಟಿಯನ್ನು ಎರಡು ಬಾರಿ ಓದಿ, ಕಿಸೆಯಲ್ಲಿಟ್ಟುಕೊಂಡು, ಒಂದು ಷರತ್ತು ಹಾಕಿದರು: ಸೌಟಿನಲ್ಲಿ ಬಡಿಸುವುದೆಲ್ಲ ಆಗಬಹುದು, ಕೈಯಿಂದಲೇ ಬಡಿಸುವ ಹಪ್ಪಳ, ಹೋಳಿಗೆ ಬೇಡ. ನನಗೆ ಈ ಷರತ್ತು ಹಿಡಿಸಲಿಲ್ಲ. ಇವರು ಮಾತ್ರ ‘ಅಷ್ಟು ಸಾಕು’ ಎಂದರು. ಹೋಳಿಗೆಯ ಪ್ರಶ್ನೆಯನ್ನು ಆಗಲೇ ಎತ್ತಿದ್ದರೆ ಸಾರೂ ಹೋಗುತ್ತಿತ್ತು ಎಂಬುದು ಅವರ ಅಂದಾಜಾಗಿತ್ತು, ತಂಡವನ್ನು ಬಲ್ಲವರು ಅವರೇ.

ಮೊದಲ ಪಂಕ್ತಿಯಲ್ಲಿ ಹುಳಿಯ ಎರಡನೆಯ ಸುತ್ತನ್ನು ತಂಡದ ಇನ್ನೊಬ್ಬರು ಬಡಿಸಿದರು, ಇವರು ಹಿಂದೆ ನಿಂತು ಅಡ್ಡ ಬಂದ ಕೈಗಳನ್ನು ಎಣಿಸಿದರು. ಮುಂದಿನ ಪಂಕ್ತಿಯಲ್ಲಿ ಇವರು ಬಡಿಸಿದರು, ಆ ಗೆಳೆಯ ಎಣಿಸಿದರು. ಎರಡೂ ಪಂಕ್ತಿಗಳಲ್ಲಿ ನಲವತ್ತು ಎಲೆಗಳಿದ್ದವು. ಗೆಳೆಯನಿಗೆ 19 ಕೈಗಳು ಅಡ್ಡ ಬಂದಿದ್ದವು, ಇವರಿಗೆ 21. ಪಾಯಸಕ್ಕೆ ಇಬ್ಬರಿಗೂ ಅಡ್ಡ ಬಂದವರು ಬಹಳ ಕಡಿಮೆ. ಒಂದೇ ದಿನದ ಎರಡು ಪಂಕ್ತಿಗಳಿಂದ ಯಾವ ಸಿದ್ಧಾಂತವೂ ಹುಟ್ಟುವುದಿಲ್ಲ, ಆದರೆ ಕಲೆಯಿಲ್ಲದ ಕೈಗೂ ಹತ್ತೊಂಬತ್ತು ಮಂದಿ ಬೇಡವೆನ್ನುತ್ತಾರೆ ಎಂಬುದು ಇವರಿಗೆ ಹೊಸ ಸುದ್ದಿಯಾಗಿತ್ತು. ಉಳಿದ ಎರಡು ಕೈಗಳ ಬಗ್ಗೆ ಇವರು ತಲೆ ಕೆಡಿಸಿಕೊಂಡರೇ ಎಂದು ಕೇಳಿದೆ. ‘ಒಬ್ಬರು ನೋಡಿಯೇ ಬೇಡ ಹೇಳಿದ್ದು. ಗೊತ್ತಾಯ್ತು. ಇನ್ನೊಬ್ಬರಿಗೆ ಹೊಟ್ಟೆ ತುಂಬಿತ್ತು’ ಎಂದರು. ಬೇರ್ಪಡಿಸಿ ನೋಡುವ ಶಕ್ತಿ ಮರಳಿತ್ತು.

ಇದರ ನಡುವೆ ಒಂದು ಉತ್ತರವನ್ನೂ ರೂಢಿ ಮಾಡಿಕೊಂಡಿದ್ದರು. ಕೈಗೆ ಎಂತಾಯ್ತು ಎಂದು ಯಾರಾದರೂ ಕೇಳಿದರೆ ಹಿಂದೆ ಸುಟ್ಟದ್ದು, ಅಲರ್ಜಿ ಎಂದು ಬೇರೆ ಬೇರೆ ಹೇಳುತ್ತಿದ್ದರು, ಯಾರಿಗೆ ಏನು ಹೇಳಿದ್ದೆನೆಂಬ ನೆನಪಿನ ಭಾರವೂ ಇತ್ತು. ಹಲವು ಬಾರಿ ಬರೆದು ಹೊಡೆದುಹಾಕಿ ಉಳಿದದ್ದು ಇಷ್ಟು: ‘ತೊನ್ನು. ಅಂಟುದಿಲ್ಲ. ಹುಳಿ ಹಾಕಲಾ?’ ಕೊನೆಯ ಎರಡು ಪದಗಳನ್ನು ಸೇರಿಸಿದ್ದು ಇವರೇ. ಅದರಿಂದ ಮಾತು ಕಲೆಯಲ್ಲಿ ನಿಲ್ಲದೆ ಎಲೆಗೆ ಹೋಗುತ್ತದೆ. ಹೆಸರನ್ನು ಬಾಯಿಬಿಟ್ಟು ಹೇಳುವಾಗ ತುಟಿ ತೆರೆಯಲೇಬೇಕಾಗುತ್ತದೆ ಎಂಬುದು ನಾವು ಲೆಕ್ಕಿಸದೆ ಬಂದ ಲಾಭ.

ತಂಗಿಯ ವಿಷಯ ಬೇರೆಯಾಗಿ ಬಂತು. ಅಣ್ಣನ ಕಾಯಿಲೆಯ ಕಾರಣಕ್ಕೆ ಒಂದು ಸಂಬಂಧ ತಪ್ಪಿದ್ದರಿಂದ ಇವರು ಮನೆಗೆ ನೆಂಟರು ಬಂದಾಗಲೆಲ್ಲ ಹಿತ್ತಿಲಿಗೆ ಹೋಗುತ್ತಿದ್ದರು. ತೊನ್ನಿನಲ್ಲಿ ಆನುವಂಶಿಕತೆಯ ಪಾಲಿದೆ, ಆದರೆ ಬಹುಪಾಲು ರೋಗಿಗಳ ಕುಟುಂಬದಲ್ಲಿ ಇನ್ನೊಬ್ಬರಿಗೆ ಅದು ಇರುವುದಿಲ್ಲ. ಎಲ್ಲ ರೀತಿಯಲ್ಲೂ ಒಂದೇ ಆದ ಅವಳಿಗಳಲ್ಲಿ ಕೂಡ ಒಬ್ಬರಿಗಿದ್ದರೆ ಇನ್ನೊಬ್ಬರಿಗೂ ಇರುವುದು ಶೇ. 23ರಷ್ಟು ಜೋಡಿಗಳಲ್ಲಿ ಮಾತ್ರ ಎಂದು 2003ರ ಒಂದು ಅಧ್ಯಯನ ತೋರಿಸಿದೆ. ತಾಯಿ ಮತ್ತು ತಂಗಿಯನ್ನು ಒಮ್ಮೆ ಕರೆಸಿ ಚರ್ಮತಜ್ಞರಿಂದಲೇ ಇದನ್ನು ಹೇಳಿಸಿದೆವು. ತಂಗಿ ಹೆಚ್ಚು ಮಾತಾಡಲಿಲ್ಲ. ಹೊರಡುವಾಗ ‘ಅಣ್ಣ ಹಿತ್ತಿಲಿಗೆ ಹೋಗುದು ನೋಡಿಯೇ ಅವರಿಗೆ ಎಂತದೋ ಉಂಟು ಅಂತ ಅನಿಸಿದ್ದು’ ಎಂದು ಮಾತ್ರ ಹೇಳಿದಳು.

2024ರ ಫೆಬ್ರವರಿಯ ಸ್ಥಿತಿ ಹೀಗಿದೆ. ಗಲ್ಲದ ಕಲೆಯೊಳಗೆ ಕೂದಲಿನ ಬುಡಗಳ ಸುತ್ತ ಕಂದು ಚುಕ್ಕೆಗಳು ಮೂಡಿ ಒಂದಕ್ಕೊಂದು ಸೇರತೊಡಗಿವೆ. ತುಟಿ ಮತ್ತು ಬೆರಳ ತುದಿಗಳಲ್ಲಿ ಹೇಳುವಂಥ ಬದಲಾವಣೆಯಿಲ್ಲ. ಅಕ್ಟೋಬರಿನ ಬಳಿಕ ಹೊಸ ಕಲೆ ಹುಟ್ಟಿಲ್ಲ. ಸೂಚ್ಯಂಕ 17ರಿಂದ 9ಕ್ಕೆ ಇಳಿದಿದೆ, ಅಂದರೆ ಚರ್ಮ ಬಹುಪಾಲು ಹಾಗೆಯೇ ಇದ್ದು ಅದರ ಹೊರೆ ಕಡಿಮೆಯಾಗಿದೆ. ಕಾರ್ಯಕ್ರಮಗಳ ಹಂಗಾಮಿನಲ್ಲಿ ವಾರಕ್ಕೆ ಎರಡು ಬಾರಿ ಬೆಳಕಿನ ಚಿಕಿತ್ಸೆಗೆ ಬಸ್ಸು ಹಿಡಿಯುವುದು ಇವರಿಗೆ ಕಷ್ಟವಾಗುತ್ತಿದೆ, ಕೆಲವು ವಾರ ತಪ್ಪಿದೆ. ಪಂಕ್ತಿಯಲ್ಲಿ ಕೂಗು ಮರಳಿದೆ, ಸೌಟಿನ ಹಿಡಿತ ಹಳೆಯ ರೀತಿಗೆ ಬಂದಿದೆ. ತಂಡದವರ ಜೊತೆ ಚಹಾಕ್ಕೆ ಹೋಗುತ್ತಾರೆ, ಆದರೆ ಲೋಟವನ್ನು ಇನ್ನೂ ಎರಡೂ ಕೈಗಳಿಂದ ಸುತ್ತುವರಿದು ಹಿಡಿಯುತ್ತಾರೆ. ಅಪರಿಚಿತರ ಮದುವೆಗಿಂತ ಪರಿಚಿತರ ಮನೆಯ ಊಟವೇ ಈಗಲೂ ಹೆಚ್ಚು ಕಷ್ಟವಂತೆ. ಅಲ್ಲಿ ಹಳೆಯ ಕೈಯನ್ನು ಕಂಡವರಿರುತ್ತಾರೆ.

ಕೊನೆಯ ಭೇಟಿಗೆ ಬರುವಾಗ ಎಡ ಮುಂಗೈಯಲ್ಲಿ ಒಂದು ಸುಟ್ಟಗಾಯವಿತ್ತು. ಅಲ್ಲಿ ಬಿಳಿ ಮೂಡುತ್ತದೆಯೇ ಎಂದು ಪೆನ್ನಿನಿಂದ ಸುತ್ತ ಗೆರೆ ಎಳೆದು ದಿನಾ ನೋಡುತ್ತಿದ್ದರು. ನೀರು ಕೊಟ್ಟೆ, ಬಲಗೈಯಲ್ಲಿ ತೆಗೆದುಕೊಂಡು ಕುಡಿದರು. ಹೋಳಿಗೆಯನ್ನು ತಂಡದಲ್ಲಿ ಇಂದಿಗೂ ಬೇರೆಯವರೇ ಬಡಿಸುತ್ತಾರೆ. ಆ ಮಾತನ್ನು ಈ ಬಾರಿ ತಾವೇ ಮಾವನ ಹತ್ತಿರ ಎತ್ತುವುದಾಗಿ ಹೇಳಿದರು, ಆದರೆ ಹಂಗಾಮು ಮುಗಿದ ಮೇಲೆ, ಆಟಿಯಲ್ಲಿ.